ಎಂಟು ಅಂಕ, ಐವತ್ತೈದು ಪರ್ಸೆಂಟ್

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನೀನು ಹೇಳಿಕೊಂಡ ಸಂಕಟಕ್ಕಿಂತ ಅದಕ್ಕೆ ಮುಂಚೆ ಆಡಿದ ಒಂದು ಮಾತು ಜಾಸ್ತಿ ಕಾಡಿತು. "ನಿನಗೆ ತಿಂಗಳಿಗೆ 800 ರೂಪಾಯಿ ಅಂಗವಿಕಲರ ವೇತನ ಬರುತ್ತೆ. ನಾನು ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಅಳಲಿ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮಂಥ ನಾಲ್ಕು ಜನ ಓದಲಿ ಅಂತ ಎಲ್ಲರ ಮುಂದೆ ಇಡುತ್ತಿದ್ದೇನೆ. ನೀನು ಕೇಳಿಕೊಂಡ ಹಾಗೆ ಹೆಸರು ಬಿಟ್ಟಿದ್ದೇನೆ.

ಮೈಷುಗರ್ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಹೋಗುತ್ತಿದ್ದದ್ದು ನೆನಪಿದೆಯಾ? ಹುಡುಗರೆಲ್ಲ ಹಿಂದೆ ಓಡಿ ಜಲ್ಲೆ ಎಳೆಯುತ್ತಿದ್ದರು. ನಮ್ಮಿಬ್ಬರಿಗೆ ಓಡೋಕೆ ಆಗುತ್ತಿರಲಿಲ್ಲ. ನನ್ನದು ಎಡಗಾಲು, ನಿನ್ನದು ಬಲಗಾಲು. ಎಷ್ಟೇ ಜೋರಾಗಿ ಹೋದರೂ ಗಾಡಿ ಕಾರ್ಖಾನೆ ಮುಂದೆ ಸಾಲಿನಲ್ಲಿ ನಿಲ್ಲಲೇಬೇಕು ಅಂತ ಕಂಡುಕೊಂಡವನು ನೀನು. ತೊಡೆ ಮೇಲೆ ಕೈ ಊರಿಕೊಂಡು ನಿಧಾನವಾಗಿ ಅಲ್ಲಿಗೆ ನಡೆಯುತ್ತಿದ್ದೆವು. ಗಾಡಿಯವರನ್ನು ಕೇಳಿ ಒಂದೊಂದು ಜಲ್ಲೆ ಇಸ್ಕೊಂಡು ಬರುತ್ತಿದ್ದೆವು. ಒಂದೇ ಪೋಲಿಯೊ, ಒಂದೇ ಬೆಂಚು. ಆಮೇಲೆ ನೀನು ಓದಿ ಇಂಗ್ಲೆಂಡಿಗೆ ಹೋದೆ, ಅಲ್ಲಿಯ ಪ್ರಜೆಯೇ ಆದೆ. ನಾನು ಇಲ್ಲೇ ಮಂಡ್ಯದಲ್ಲಿ, ಕಚೇರಿ ಎದುರಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತೇನೆ. ಈಗ ನಮ್ಮಿಬ್ಬರ ಕಾಲನ್ನು ಎರಡು ಸರ್ಕಾರಗಳು ಎರಡು ಕೋಲು ಹಿಡಿದು ಅಳೆಯುತ್ತಿವೆ.

ನಿನ್ನ ಕಡೆಯ ವಿಷಯ ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅಲ್ಲಿ ಪಿಪ್ ಅಂತ ಒಂದು ನೆರವಿದೆ, 2013ರಲ್ಲಿ ಶುರುವಾಯಿತು. ಅದು ಬಡತನಕ್ಕೆ ಕೊಡುವ ಹಣ ಅಲ್ಲ. ದೇಹದ ತೊಂದರೆಯಿಂದ ಮೇಲೆ ಬೀಳುವ ಖರ್ಚಿಗೆ ಕೊಡುವುದು. ಹಾಗಾಗಿ ನಿನ್ನಂತೆ ಕೆಲಸ ಮಾಡುವವರಿಗೂ ಸಿಗುತ್ತದೆ. ಅಡುಗೆ, ಸ್ನಾನ, ಬಟ್ಟೆ ಹೀಗೆ ದಿನನಿತ್ಯದ 10 ಕೆಲಸಗಳಲ್ಲಿ ಯಾವುದು ಎಷ್ಟು ಕಷ್ಟ ಅಂತ ನೋಡಿ ಅಂಕ ಹಾಕುತ್ತಾರೆ. 8 ಬಂದರೆ 2025ರಲ್ಲಿ ವಾರಕ್ಕೆ 73.90 ಪೌಂಡ್ ಇತ್ತು. ನೀನು ಎತ್ತರದ ಸ್ಟೂಲ್ ಮೇಲೆ ಕೂತು ಅಡುಗೆ ಮಾಡುವುದಕ್ಕೆ 2. ಬಚ್ಚಲಿನ ಹಿಡಿಕೆಗೆ 2. ಕಕ್ಕಸಿನ ಹಿಡಿಕೆಗೆ 2. ಪ್ಯಾಂಟು ಹಾಕಿಕೊಳ್ಳಲು ಬಳಸುವ ಕೋಲಿಗೆ 2. ಒಟ್ಟು ಎಂಟು, ಒಂದೂ ಹೆಚ್ಚಿಲ್ಲ.

2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಹೊಸ ಷರತ್ತು ಮುಂದಿಟ್ಟಿತು. ಒಟ್ಟು 8 ಬಂದರೆ ಸಾಲದು, ಯಾವುದಾದರೂ ಒಂದೇ ಕೆಲಸದಲ್ಲಿ 4 ಅಂಕ ಇರಲೇಬೇಕು ಅಂತ. ಸೊಂಟದಿಂದ ಕೆಳಗೆ ತೊಳೆಯಲು ಇನ್ನೊಬ್ಬರು ಬೇಕಾದರೆ 2 ಅಂಕ, ಭುಜದಿಂದ ಸೊಂಟದವರೆಗೆ ತೊಳೆಯಲು ಬೇಕಾದರೆ 4 ಅಂಕ ಅಂತ ನೀನು ಹೇಳಿದಾಗ, ಸರಿಯಾಗಿ ಕೇಳಿಸಿತಾ ಅಂತ ಮತ್ತೆ ಕೇಳಿದೆ. ಸೊಂಟದ ಕೆಳಗೆ ಇನ್ನೊಬ್ಬರ ಕೈ ಬೇಕಾಗುವುದು ಮನುಷ್ಯನಿಗೆ ಏನು ಅನ್ನಿಸುತ್ತದೆ ಅಂತ ಆ ಪಟ್ಟಿ ಬರೆದವರು ಯಾರನ್ನಾದರೂ ಕೇಳಿದ್ದರಾ? ನಾಲ್ಕು ಎರಡುಗಳ ಮೇಲೆ ನಿಂತಿದ್ದ ನಿನಗೆ ಆ ಷರತ್ತಿನಲ್ಲಿ ಎಲ್ಲವೂ ಹೋಗುತ್ತಿತ್ತು.

ಆ ಮೂರು ತಿಂಗಳು ನೀನು ಹೇಗಿದ್ದೆ ಅಂತ ನನಗೆ ಗೊತ್ತು. ಆಳುವ ಪಕ್ಷದ 120ಕ್ಕೂ ಹೆಚ್ಚು ಸಂಸದರೇ ತಿರುಗಿ ಬಿದ್ದರು. ಸರ್ಕಾರದವರು ಮೊದಲು, ಈಗ ಪಡೆಯುತ್ತಿರುವವರಿಗೆ ತೊಂದರೆ ಇಲ್ಲ ಅಂದರು. ಕೊನೆಗೆ ಜುಲೈ 1ರಂದು ಮತಕ್ಕೆ ಸ್ವಲ್ಪ ಹೊತ್ತಿನ ಮುಂಚೆ ಆ ಷರತ್ತನ್ನೇ ತೆಗೆದರು. ಪಿಪ್ ಹೇಗಿರಬೇಕು ಅಂತ ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದಲ್ಲಿ ಪರಿಶೀಲನೆ ಮಾಡಿ ಆಮೇಲೆ ತೀರ್ಮಾನಿಸುತ್ತೇವೆ ಅಂದರು. ಅವತ್ತು ಫೋನ್ ಮಾಡಿ "ಉಳೀತು ಕಣೋ" ಅಂದವನು ನೀನೇ. ಆದರೆ ನಿನ್ನ ದನಿಯಲ್ಲಿ ಖುಷಿ ಇರಲಿಲ್ಲ. ಈ ಸಲ ಉಳಿಯಿತು, ಮುಂದಿನ ಸಲ? ಒಂದು ಸಲ ಹೀಗೆ ತೂಗಿ ನೋಡಿಸಿಕೊಂಡ ಮೇಲೆ ನೆಲ ಮೊದಲಿನ ಹಾಗೆ ಗಟ್ಟಿ ಅನ್ನಿಸುವುದಿಲ್ಲ.

ಅದೇ ಭಯ ನನಗೂ ಗೊತ್ತು ಗೆಳೆಯಾ. ದುಡ್ಡಿನ ಮೊತ್ತ ಬೇರೆ, ಭಯದ ಅಳತೆ ಬೇರೆ. 800 ರೂಪಾಯಿ ನಿಲ್ಲುತ್ತದೆ ಅಂದಾಗ ನನ್ನ ಹೊಟ್ಟೆಯಲ್ಲಿ ಏನಾಗುತ್ತದೋ, 73 ಪೌಂಡ್ ನಿಲ್ಲುತ್ತದೆ ಅಂದಾಗ ನಿನ್ನ ಹೊಟ್ಟೆಯಲ್ಲೂ ಅದೇ ಆಗುತ್ತದೆ. ನನ್ನ ಹತ್ತಿರ ಅಳೋಕೆ ನಿನಗೆ ನಾಚಿಕೆ ಬೇಡ.

ಇಲ್ಲಿಯ ಲೆಕ್ಕ ಹೇಳುತ್ತೇನೆ ಕೇಳು. ನಮ್ಮಲ್ಲಿ ಅಂಕ ಇಲ್ಲ, ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ನೋಡುತ್ತಾರೆ. 40ರಿಂದ ಮೇಲೆ ಇದ್ದರೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400, ಬುದ್ಧಿಮಾಂದ್ಯರಿಗೆ 2,000. ಇದರಲ್ಲಿ ಕೇಂದ್ರ ಸರ್ಕಾರದ ಪಾಲು ಇರುವುದು ಬಡವರಲ್ಲಿ 80 ಪರ್ಸೆಂಟ್ ಮೇಲ್ಪಟ್ಟವರಿಗೆ ಮಾತ್ರ. ಅದೂ 300 ರೂಪಾಯಿ, 2012ರಿಂದ ಅಷ್ಟೇ ಇದೆ. ನಮ್ಮವ್ವನಿಗೆ ವಯಸ್ಸಾದವರ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 1,200 ಬರುತ್ತದೆ, ನನಗೆ 800. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಏನು ಹೇಳುತ್ತದೆ ಗೊತ್ತಾ? ಬೇರೆಯವರಿಗಿರುವ ಅದೇ ಥರದ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ 25 ಪರ್ಸೆಂಟ್ ಹೆಚ್ಚು ಕೊಡಬೇಕು ಅಂತ. 1,200ಕ್ಕೆ 25 ಪರ್ಸೆಂಟ್ ಸೇರಿಸಿದರೆ 1,500. ನಾನು ಈ ಲೆಕ್ಕವನ್ನು ಎಷ್ಟು ಅರ್ಜಿಗಳಲ್ಲಿ ಬರೆದಿದ್ದೇನೋ. ಅವ್ವನಿಗೆ ಬರುವುದು ಕಡಿಮೆಯಾಗಲಿ ಅಂತ ಖಂಡಿತ ಅಲ್ಲ. ನಮ್ಮದು ಕಾನೂನು ಹೇಳಿದಷ್ಟಾದರೂ ಆಗಲಿ ಅಂತ.

ಆದರೆ ನನ್ನ ಮೇಜಿನ ಹತ್ತಿರ ಬರುವವರು ಹೆಚ್ಚು ಕೊಡಿಸಿ ಅಂತ ಕೇಳುವುದಿಲ್ಲ. ನಿಂತುಹೋಗಿದೆ, ಮತ್ತೆ ಬರುವ ಹಾಗೆ ಮಾಡಿ ಅಂತ ಕೇಳುತ್ತಾರೆ. ಹೋದ ತಿಂಗಳು ಮದ್ದೂರು ಕಡೆಯ ಒಬ್ಬ ತಾಯಿ ಬಂದಿದ್ದಳು. ಮಗನಿಗೆ ಇಪ್ಪತ್ತಾರು ವರ್ಷ, ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದ. ಮೂರು ತಿಂಗಳಿಂದ ಅವನ ದುಡ್ಡು ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಕಚೇರಿಗೆ ಹೋಗಿ ಅಂದರಂತೆ. ಕಚೇರಿಯಲ್ಲಿ ಕೇಳಿದರೆ "ಎನ್‌ಪಿಸಿಐ ಆಗಿಲ್ಲ, ಬ್ಯಾಂಕಿಗೆ ಹೋಗಿ" ಅಂದರಂತೆ. ಎನ್‌ಪಿಸಿಐ ಅಂದರೆ ಸರ್ಕಾರದ ಹಣ ಬರುವ ಖಾತೆಗೆ ಆಧಾರ್ ಜೋಡಿಸುವುದು. ಆ ಜೋಡಣೆ ಬೇರೆ ಖಾತೆಗೆ ಹೋಗಿ ಕೂತಿತ್ತು, ಅಷ್ಟೇ. ಪ್ಲಾಸ್ಟಿಕ್ ಕವರಿನಲ್ಲಿ ಮಗನ ಇಡೀ ಬದುಕಿನ ಕಾಗದ ತಂದಿದ್ದಳು. ಅರ್ಜಿ ಬರೆಯುವಾಗ ಅವಳು ಕೇಳಿದಳು: "ಅಣ್ಣಾ, ಇವನು ಸರಿಹೋಗವ್ನೆ ಅಂತ ಯಾರಾದ್ರೂ ಬರ್ಕೊಟ್ಟವ್ರಾ?" ಹಣ ನಿಂತರೆ ಅವಳಿಗೆ ಬಂದ ಅನುಮಾನ ಅದು. ಮಗನ ವಿಷಯದಲ್ಲಿ ಯಾರೋ ಎಲ್ಲೋ ಸುಳ್ಳು ಬರೆದಿದ್ದಾರೆ ಅಂತ. ನಾನು ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ಅವಳಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗುತ್ತಿವೆ ಅಂತ ಸುದ್ದಿ ಎದ್ದಾಗಲೂ ಹೀಗೇ. ಅರ್ಹರ ಕಾರ್ಡು ವಾಪಸ್ ಕೊಡಿ ಅಂತ ಆಮೇಲೆ ಸರ್ಕಾರವೇ ಹೇಳಿತು. ಆದರೆ ಆ ದಿನಗಳಲ್ಲಿ ಗಾಲಿಕುರ್ಚಿಯವರು, ಕಣ್ಣು ಕಾಣದವರು ನನ್ನ ಮೇಜಿನ ಮುಂದೆ ಬಂದು "ಕಾರ್ಡು ಹೋದ್ರೆ ವೇತನಾನೂ ಹೋಯ್ತದಾ?" ಅಂತ ಕೇಳುತ್ತಿದ್ದರು. ಅದಕ್ಕೆ ಸ್ವಲ್ಪ ಮುಂಚೆ, ಅಕ್ಟೋಬರ್‌ನಲ್ಲಿ, ಕೇಂದ್ರದವರು ಅಂಗವಿಕಲರ ಕಾಯ್ದೆಯ ನಿಯಮಗಳನ್ನು ತಿದ್ದಿದ್ದರು. ಮೊದಲು ಒಂದು ತಿಂಗಳಲ್ಲಿ ಕೊಡಬೇಕಿದ್ದ ಸರ್ಟಿಫಿಕೇಟಿಗೆ ಈಗ ಮೂರು ತಿಂಗಳು. ಎರಡು ವರ್ಷ ತೀರ್ಮಾನ ಆಗದೆ ಉಳಿದರೆ ಅರ್ಜಿಗೆ ಜೀವವೇ ಇಲ್ಲ, ಹೊಸದಾಗಿ ಹಾಕಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಬಣ್ಣ ಬಂತು. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80ರ ಮೇಲೆ ನೀಲಿ. ಯಾವ ಬದಲಾವಣೆ ಯಾಕೆ ಬಂತು, ಯಾರಿಗೆ ಏನಾಗುತ್ತದೆ ಅಂತ ಹಳ್ಳಿಗೆ ಹೋಗಿ ಹೇಳುವವರು ಇಲ್ಲ. ಗೊತ್ತಿಲ್ಲದವರ ಭಯಕ್ಕೆ ಮಿತಿ ಇರುವುದಿಲ್ಲ.

ಈಗ ನಿನಗೆ ಇಲ್ಲಿಯವರೆಗೆ ಹೇಳದ ಒಂದು ವಿಷಯ ಹೇಳಬೇಕು.

ನನ್ನ ಎಡಗೈ ಹೋಗಿದೆ. ಹೆಗಲಿನ ಕೀಲು ಸವೆದಿದೆ. ನಲವತ್ತು ವರ್ಷ ತೊಡೆ ಮೇಲೆ ಊರಿ ನಡೆದ ಕೈ ಅಲ್ವಾ. ಬೆಳಿಗ್ಗೆ ಅಂಗಿ ಹಾಕಿಕೊಳ್ಳೋಕೆ ಹೆಂಡತಿ ಬೇಕು. ಒಳ್ಳೆಯ ಕಾಲೂ ಸೋಲುತ್ತಿದೆ. ಪೋಲಿಯೊ ಬಂದವರಿಗೆ ಎಷ್ಟೋ ವರ್ಷಗಳ ಮೇಲೆ ಮತ್ತೆ ಶಕ್ತಿ ಇಳಿಯುವುದುಂಟು ಅಂತ ಡಾಕ್ಟರು ಹೇಳಿದರು. ಭಾರತ ಪೋಲಿಯೊ ಮುಕ್ತ ಅಂತ ಘೋಷಣೆ ಆದದ್ದು 2014ರಲ್ಲಿ. ಅವತ್ತು ನಾನು ನಿಜವಾಗಿಯೂ ಅತ್ತಿದ್ದೆ, ಸಂತೋಷಕ್ಕೆ. ಆದರೆ ನಮ್ಮ ತಲೆಮಾರಿನವರು ಇನ್ನೂ ಇದ್ದೇವೆ, ಮುದುಕರಾಗುತ್ತಿದ್ದೇವೆ.

ಇಷ್ಟಾದರೂ ಮತ್ತೆ ಅಳೆಸಿಕೊಳ್ಳೋಕೆ ನಾನು ಹೋಗಿಲ್ಲ. ಯಾಕೆ ಗೊತ್ತಾ? ಹಳೆಯ ಸರ್ಟಿಫಿಕೇಟಿನಲ್ಲಿ ನನ್ನ ಕಾಲು 65 ಪರ್ಸೆಂಟ್. ಯುಡಿಐಡಿಗೆ ಅಂತ ಇನ್ನೊಂದು ಆಸ್ಪತ್ರೆಯಲ್ಲಿ ಅಳೆದಾಗ 55 ಅಂತ ಬರೆದರು. ಕಾಲು ಅದೇ. ಕೈ ತೋರಿಸೋಕೆ ಹೋಗಿ ಇದೂ ಇಳಿದರೆ, 40ರ ಕೆಳಗೆ ಬಂದರೆ, 800 ಹೋಗುತ್ತದೆ, ಬಸ್ ಪಾಸೂ ಹೋಗುತ್ತದೆ. ವರ್ಷಕ್ಕೆ 660 ರೂಪಾಯಿ ಕಟ್ಟಿ 100 ಕಿಲೋಮೀಟರ್ ಓಡಾಡುವ ಆ ಪಾಸು ಇಲ್ಲದಿದ್ದರೆ ನಾನು ಮೈಸೂರಿನ ಆಸ್ಪತ್ರೆಗೆ ಹೋಗುವುದು ಹೇಗೆ? ಹಾಗಾಗಿ ನೋವನ್ನು ಮುಚ್ಚಿಟ್ಟುಕೊಂಡು ಕೂತಿದ್ದೇನೆ.

ಮೊನ್ನೆ ನೀನು ಹೇಳಿದ್ದೂ ಇದೇ. ಎರಡು ಸಲ ಬಚ್ಚಲಲ್ಲಿ ಬಿದ್ದೆ, ಆದರೂ ಇಲಾಖೆಗೆ ತಿಳಿಸಿಲ್ಲ ಅಂದೆ. ತಿಳಿಸಿದರೆ ಮೊದಲಿನಿಂದ ಎಲ್ಲವನ್ನೂ ಮತ್ತೆ ನೋಡುತ್ತಾರೆ, ಇರುವುದೂ ಹೋದರೆ ಅಂತ. ನೋಡು, ನೀನು ಅಲ್ಲಿ ಬಿದ್ದು ಸುಮ್ಮನಿದ್ದೀಯಾ, ನಾನು ಇಲ್ಲಿ ಕೈ ಎತ್ತಲಾಗದೆ ಸುಮ್ಮನಿದ್ದೇನೆ. ನೆರವಿನ ವಿಷಯದಲ್ಲಿ ಸರ್ಕಾರಗಳು ಪದೇ ಪದೇ ಅನುಮಾನದ ಮಾತಾಡಿದರೆ ಆಗುವುದು ಇದೇ. ಮೋಸ ಮಾಡುವವನು ಹೇಗೋ ದಾರಿ ಹುಡುಕಿಕೊಳ್ಳುತ್ತಾನೆ. ನಿಜವಾಗಿ ಬೇಕಾದವನು ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಇದನ್ನು ಎರಡೂ ಕಡೆಯ ಅಧಿಕಾರಿಗಳು ತಿಳಿದುಕೊಳ್ಳಬೇಕು ಅನ್ನುವುದೇ ನನ್ನ ಆಸೆ.

ನಿಮ್ಮ ಕಡೆ ಒಂದು ನಿಯಮ ನನಗೆ ಬಹಳ ಇಷ್ಟವಾಯಿತು. ಒಂದು ಕೆಲಸ ಮಾಡೋಕೆ ಆಗುತ್ತದಾ ಅಂತ ಮಾತ್ರ ನೋಡಬಾರದು. ಅಪಾಯ ಇಲ್ಲದೆ, ಚೆನ್ನಾಗಿ, ಬೇಕಾದಾಗೆಲ್ಲ ಮತ್ತೆ ಮತ್ತೆ, ತೀರಾ ತಡವಾಗದೆ ಮಾಡೋಕೆ ಆಗುತ್ತದಾ ಅಂತ ನೋಡಬೇಕು. ಇಲ್ಲಿ ನನ್ನ ಕಾಲಿನ ಸ್ನಾಯು ಹಿಡಿದು ನೋಡಿದರು, ಮಡಚಿ ನೋಡಿದರು. ಮೆಟ್ಟಿಲು ಹತ್ತಿದ ಮೇಲೆ ಎಷ್ಟು ಹೊತ್ತು ಕೂರಬೇಕಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಆ ಪ್ರಶ್ನೆ ನಿನಗೆ ಸಿಕ್ಕಿದೆ, ಅದನ್ನು ಪೂರ್ತಿ ಬಳಸಿಕೋ.

ನಾನೊಂದು ತೀರ್ಮಾನ ಮಾಡಿದ್ದೇನೆ. ಈ ಬುಧವಾರ ಡಾಕ್ಟರುಗಳ ಬೋರ್ಡು ಕೂರುತ್ತದೆ. ಹಳೆಯ ಸರ್ಟಿಫಿಕೇಟು, ಹೆಗಲಿನ ಎಕ್ಸ್‌ರೇ ಎಲ್ಲ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಭಯ ಇದೆ, ಆದರೂ ಹೋಗುತ್ತೇನೆ. ಹೆಂಡತಿಯೂ ಬರುತ್ತೇನೆ ಅಂದಿದ್ದಾಳೆ.

ನಿನ್ನ ಪಿಪ್ ಫಾರಂ ಇನ್ನೂ ಖಾಲಿ ಇದೆ ಅಂದೆಯಲ್ಲ. ಗುರುವಾರ ಇಲ್ಲಿ ರಾತ್ರಿ ಒಂಬತ್ತೂವರೆಗೆ ನನಗೆ ಫೋನ್ ಮಾಡು. ಒಂದೊಂದೇ ಪ್ರಶ್ನೆ ಓದು. ಆರಾಮಾಗಿದ್ದ ದಿನದ ಬಗ್ಗೆ ಬೇಡ, ಬಚ್ಚಲಲ್ಲಿ ಬಿದ್ದ ದಿನದ ಬಗ್ಗೆ ಹೇಳು. ಎಷ್ಟು ಹೊತ್ತು ನೆಲದ ಮೇಲಿದ್ದೆ, ಯಾರು ಎತ್ತಿದರು, ಆಮೇಲೆ ಎಷ್ಟು ದಿನ ಸ್ನಾನಕ್ಕೆ ಹೆದರಿದೆ, ಎಲ್ಲಾ ಹೇಳು. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ, ನೀನು ಇಂಗ್ಲಿಷಿಗೆ ಮಾಡಿಕೋ. ಇಪ್ಪತ್ತು ವರ್ಷದಿಂದ ಊರಿನವರ ಅರ್ಜಿ ಬರೆದಿದ್ದೇನೆ ಕಣೋ, ನಿನ್ನದೊಂದು ಬರೆಯಲಾರೆನಾ?

ನಿನ್ನ ಬೆಂಚಿನ ಗೆಳೆಯ,
ಮಂಡ್ಯ