ಸಸಿತೋಟದ ಮಾತು ಸದ್ಯ ಬೇಡ

ಶಿಕಾಗೋ
24-7-2016, ಭಾನುವಾರ

ತೀರ್ಥರೂಪ ಅಪ್ಪಯ್ಯನಿಗೆ, ಆಯಿಗೆ ಸಾಷ್ಟಾಂಗ ನಮಸ್ಕಾರ. ಇತ್ತ ನಾವು ಮೂವರೂ ಕ್ಷೇಮ. ಅತ್ತ ನಿಮ್ಮ ಕ್ಷೇಮದ ಸುದ್ದಿ ಕಾಗದದಲ್ಲಿ ಓದಿಯಾಯಿತು.

ಅಪ್ಪಯ್ಯ, ನಿಮ್ಮ ಕಾಗದ ಬರಲು 19 ದಿನ ಹಿಡಿಯಿತು, ಮೊನ್ನೆ ಶುಕ್ರವಾರ ಸಿಕ್ಕಿತು. ನಾನೂ ಅಂಚೆಗೆ ಹಾಕುತ್ತ ಕೂತರೆ ಅರ್ಧ ಶ್ರಾವಣ ಕಳೆದಿರುತ್ತದೆ, ನೀವು ಸಸಿತೋಟಕ್ಕೆ ಅಡ್ವಾನ್ಸ್ ಇಸಕೊಂಡಾಗಿರುತ್ತದೆ. ಅದಕ್ಕೇ ಇದನ್ನು ಪುಟ್ಟನಿಗೆ ಮೇಲ್ ಮಾಡುತ್ತಿದ್ದೇನೆ. ಪುಟ್ಟ, ಪೇಟೆಗೆ ಹೋದಾಗ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಅಜ್ಜನ ಕೈಗೇ ಕೊಡು. ನೀನು ಓದಿ ಹೇಳಬೇಡ, ನಡುನಡುವೆ ಹಾರಿಸುತ್ತೀಯ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ಆಯಿ ಕೇಳುತ್ತಾಳೆ. ಫೋನಿನಲ್ಲಿ ದುಡ್ಡಿನ ಮಾತು ಬಂದ ಕೂಡಲೇ ಅಪ್ಪಯ್ಯನಿಗೆ 'ಆಂ? ಮಳೆ ಜೋರು, ಏನೂ ಕೇಳುವುದಿಲ್ಲ' ಆಗಿಬಿಡುತ್ತದೆ.

ನಾಲ್ಕು ಪುಟ ಬರೆದಿದ್ದೀರಿ. ಮೊದಲನೆಯದರಲ್ಲಿ ಮಳೆ, ಎರಡನೆಯದರಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗದೆ ಒದ್ದಾಡಿದ್ದು, ಮೂರನೆಯದರಲ್ಲಿ ಗೌರಿ ಕರು ಹಾಕಿದ್ದು. ಆಮೇಲೆ, ಅದೂ ಪುಟದ ಬುಡದಲ್ಲಿ, ಎದೆಯ ವಿಚಾರ. ಎರಡು ಕಡೆ ಬ್ಲಾಕ್ ಇರಬಹುದು, ಆಂಜಿಯೋಗ್ರಾಮ್ ಮಾಡದೆ ಹೇಳಲಾಗುವುದಿಲ್ಲ ಎಂದರಂತೆ. ಇದು ಕರುವಿನ ಕೆಳಗೆ ಬರೆಯುವ ಸುದ್ದಿಯೇ? ತೋಟದಿಂದ ಮೆಟ್ಟಿಲು ಹತ್ತಿ ಬರುವಾಗ ನೀವು ಎರಡು ಕಡೆ ಕೂತು ಬರುತ್ತೀರಿ ಅಂತ ಆಯಿ ಶಿವರಾತ್ರಿ ಹೊತ್ತಿಗೇ ಹೇಳಿದ್ದಳು. ಕೇಳಿದರೆ 'ಕವಳ ಹಾಕಲು ಕೂತದ್ದು' ಎಂದಿರಿ. ನಾನೂ ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು ಅನ್ನಿ.

ನಾಲ್ಕನೆಯ ಪುಟ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಆಸ್ಪತ್ರೆ ಖರ್ಚಿಗೆ ಹೊಳೆಬದಿಯ ಅಡಿಕೆ ಸಸಿತೋಟ ಮಾರುವುದು, ಗಿರಾಕಿ ತಯಾರಿದ್ದಾನೆ, ಆಷಾಢ ಕಳೆದ ಕೂಡಲೇ ಮಾತು ಮುಗಿಸುವುದು. ಅದರ ಕೆಳಗೆ ಒಂದು ಸಾಲು: 'ಅದು ಫಲಕ್ಕೆ ಬರುವಾಗ ಕೊಯ್ಲು ಮಾಡಿಸುವವರು ಯಾರು?'

ಸಿಟ್ಟು ಬಂದದ್ದು ನಿಜ. ಶನಿವಾರವಿಡೀ ಮನಸ್ಸಿನಲ್ಲೇ ಉತ್ತರ ಬರೆದೆ, ಹೊಡೆದು ಹಾಕಿದೆ. ಸಂಜೆ ತಲೆ ಕೆಟ್ಟು ಕೆಳಗಿನ ಮನೆಯ ಅಜ್ಜನ ಜೊತೆ ಹೋಗಿ ಕೂತೆ. ನಮ್ಮ ಮನೆಯ ಮಾಲೀಕ, 87 ವರ್ಷ, ಆಯಿಗೆ ಗೊತ್ತು, ಕಳೆದ ಸಲ ವಿಡಿಯೋದಲ್ಲಿ ತೊಡೆದೇವು ತಿಂದು ತೋರಿಸಿದವನು. ಅವನ ಹತ್ತಿರ ಬೇಸ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಈ ವಾರವಂತೂ ಅವನದಷ್ಟೇ ಅಲ್ಲ, ಊರಿನದೇ ಒಂದು ಮಾತು, ಮಾರುವುದೋ ಬೇಡವೋ ಅಂತ. ಅಲ್ಲೂ ಸಸಿಯದೇ ಜಗಳ ಅಂದರೆ ನಗಬೇಡಿ.

ಕಬ್ಸ್ ಅಂತ ಇಲ್ಲಿಯ ತಂಡ. ಕೊನೆಗೆ ಚಾಂಪಿಯನ್ ಆದದ್ದು 1908ರಲ್ಲಿ. 108 ವರ್ಷ ಆಯಿತು, ನಮ್ಮ ಲೆಕ್ಕದಲ್ಲಿ ಜಪಮಾಲೆ ಒಂದು ಸುತ್ತು ಮುಗಿದು ಕೈ ಮೇರುಮಣಿಗೆ ಬಂದ ಹಾಗೆ. ಹೀಗಂತ ಅಜ್ಜನಿಗೆ ಹೇಳಿದೆ, ಅವನಿಗೆ ಎಷ್ಟು ಖುಷಿಯಾಯಿತೆಂದರೆ ಫೋನ್ ಮಾಡಿ ಮಗಳಿಗೂ ಹೇಳಿದ. ಸೋಲಿಗೆ ಆಡಿನ ಶಾಪ ಕಾರಣವಂತೆ. 1945ರ ಫೈನಲ್‌ಗೆ ಒಬ್ಬ ಹೆಂಡದಂಗಡಿಯವನು ತನ್ನ ಆಡಿಗೂ ಟಿಕೆಟ್ ತಗೊಂಡು ಬಂದ, ವಾಸನೆ ಅಂತ ಆಡನ್ನು ಹೊರಗೆ ಹಾಕಿದರು, ಅವನು ಶಾಪ ಹಾಕಿ ಹೋದ. ಆ ಮೇಲೆ ತಂಡ ಫೈನಲ್ ಮೆಟ್ಟಿಲನ್ನೇ ಹತ್ತಿಲ್ಲ. ನಮ್ಮೂರಲ್ಲಿ ಚೌಡಿಗೆ ಕೋಳಿ ಬಿಡುವುದನ್ನು ನೋಡಿ ನಗುವ ಜನ ಇಲ್ಲಿ ಸೂಟು ಬೂಟು ಹಾಕಿಕೊಂಡು ಆಡಿನ ಮಾತಾಡುತ್ತಾರೆ.

ಈ ವರ್ಷ ಕಬ್ಸ್ ಮುಂದಿದೆ. ಒಂದೇ ಕೊರತೆ, ಕೊನೆಯ ಇನ್ನಿಂಗ್ಸಿಗೆ ಎಸೆಯುವವನು. ನಮ್ಮ ಕ್ರಿಕೆಟ್ಟಿನ ಹಾಗಲ್ಲ ಇದು. ಒಬ್ಬನೇ ಐದಾರು ಇನ್ನಿಂಗ್ಸ್ ಎಸೆಯುತ್ತಾನೆ, ಒಮ್ಮೆ ಹೊರಗೆ ಕರೆದರೆ ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಆಮೇಲೆ ಅವನ ಬದಲಿಗೆ ಬರುವವರೇ ಬೇರೆ. ಕಟ್ಟಕಡೆಯ ಮೂರು ಔಟ್ ತೆಗೆಯುವುದಕ್ಕೇ ಒಬ್ಬ ಖಾಸಾ ಆಳು. ಈಗಿರುವ ಹೆಕ್ಟರ್ ರೊಂಡಾನ್ ಕೆಟ್ಟವನೇನಲ್ಲ, ಆದರೆ ನ್ಯೂಯಾರ್ಕಿನ ಯಾಂಕೀಸ್ ಹತ್ತಿರ ಆರೋಲ್ಡಿಸ್ ಚಾಪ್‌ಮನ್ ಅಂತ ಕ್ಯೂಬಾದವನೊಬ್ಬ ಇದ್ದಾನೆ. ಗಂಟೆಗೆ 105 ಮೈಲಿ, ಅಂದರೆ 169 ಕಿಲೋಮೀಟರ್. ಶೋಯಬ್ ಅಖ್ತರ್ 2003ರ ವಿಶ್ವಕಪ್ಪಿನಲ್ಲಿ ಬೌಂಡರಿ ಹತ್ತಿರದಿಂದ ಓಡಿ ಬಂದು ಮುಟ್ಟಿದ್ದು 161. ಇವನು ನಿಂತಲ್ಲೇ ಎಸೆಯುತ್ತಾನೆ. (ಮೊಣಕೈ ಮಡಚಲು ಅಡ್ಡಿಯಿಲ್ಲ ಇಲ್ಲಿ, ಚಕಿಂಗ್ ಅಂತ ಯಾರೂ ಕೂಗುವುದಿಲ್ಲ. ನ್ಯಾಯವಾಗಿ ಅದನ್ನೂ ಹೇಳಬೇಕು.)

ಅವನನ್ನು ತರಬೇಕಾದರೆ ಬದಲಿಗೆ ಗ್ಲೇಬರ್ ಟೋರೆಸ್ ಎಂಬ ಹುಡುಗನನ್ನು ಕೊಡಬೇಕಂತೆ. ವೆನೆಜುವೆಲಾದವನು, 19 ವರ್ಷ. 2013ರಲ್ಲಿ 16ರ ಪೋರನನ್ನು 17 ಲಕ್ಷ ಡಾಲರ್ ಕೊಟ್ಟು ತಂದು, ದೂರದ ಸೌತ್ ಕೆರೊಲಿನಾದ ಕೆಳದರ್ಜೆಯ ತಂಡದಲ್ಲಿ ಇಟ್ಟು ಬೆಳೆಸುತ್ತಿದ್ದಾರೆ. ಶಿಕಾಗೋದ ಜನ ಅವನ ಆಟವನ್ನು ಇನ್ನೂ ಕಣ್ಣಾರೆ ಕಂಡಿಲ್ಲ, ಆದರೂ ನಮ್ಮ ಮಗ ನಮ್ಮ ಮಗ ಅನ್ನುತ್ತಾರೆ. 2013 ಅಂದರೆ ನೀವು ಹೊಳೆಬದಿಯಲ್ಲಿ ಸಸಿ ನೆಡಿಸಿದ ವರ್ಷ. ನಾನೂ ರಜೆಗೆ ಬಂದು ಎರಡು ದಿನ ಗುಂಡಿ ತೋಡಿ, ಮೂರನೇ ದಿನ ಸೊಂಟ ಹಿಡಿದು ಮಲಗಿದ್ದೆನಲ್ಲ.

ನಾನು ಮಾರುವುದು ಬೇಡ ಎನ್ನುವ ಕಡೆಯವನು. ಅಜ್ಜನಿಗೆ ಒಂದೊಂದೇ ಉದಾಹರಣೆ ಕೊಟ್ಟೆ. 1990ರಲ್ಲಿ ಬಾಸ್ಟನ್ನಿನವರು ಇದೇ ತರ ಕೊನೆಯ ಇನ್ನಿಂಗ್ಸುಗಳಿಗೆಂದು ಲ್ಯಾರಿ ಆಂಡರ್ಸನ್ ಎಂಬವನನ್ನು ತಂದು ಜೆಫ್ ಬ್ಯಾಗ್‌ವೆಲ್ ಎಂಬ ಹುಡುಗನನ್ನು ಹ್ಯೂಸ್ಟನ್ನಿಗೆ ಕೊಟ್ಟರು. ಆಂಡರ್ಸನ್ ಎಸೆದದ್ದು 22 ಇನ್ನಿಂಗ್ಸ್. ಬ್ಯಾಗ್‌ವೆಲ್ 15 ವರ್ಷ ಆಡಿ 449 ಹೋಮ್‌ರನ್ (ನಮ್ಮ ಸಿಕ್ಸರಿನ ಹಾಗೆ) ಬಾರಿಸಿದ. ಅಷ್ಟೆಲ್ಲ ದೂರ ಏಕೆ, ಕಬ್ಸ್‌ನಲ್ಲಿ ಈಗ ಆಡುತ್ತಿರುವ ಆಡಿಸನ್ ರಸೆಲ್ ಬಂದದ್ದೇ ಹೀಗೆ. 2014ರಲ್ಲಿ ಓಕ್ಲೆಂಡಿನವರು ಈ ವರ್ಷ ಗೆದ್ದೇ ಗೆಲ್ಲುತ್ತೇವೆ ಎಂದು ಎರಡು ಬೌಲರುಗಳಿಗಾಗಿ ಆ ಎಳೆ ಹುಡುಗನನ್ನು ನಮಗೆ ಕೊಟ್ಟರು. ಅವರು ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಮನೆಗೆ ಹೋದರು. ಅವರಿಗೆ ಕೊಟ್ಟ ಇಬ್ಬರಲ್ಲಿ ಹ್ಯಾಮಲ್ ಎಂಬವನು ಆರು ತಿಂಗಳೊಳಗೆ ತಿರುಗಿ ಕಬ್ಸ್‌ಗೇ ಬಂದ! ದನವನ್ನೂ ಕೊಟ್ಟು ಹಗ್ಗವನ್ನೂ ಕೊಟ್ಟ ಹಾಗೆ.

ಅಜ್ಜ ಎಲ್ಲ ಕೇಳಿದ. '1964ರಲ್ಲಿ ನಾವು ಲೂ ಬ್ರಾಕ್‌ನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟೆವು. ಅದೇ ವರ್ಷ ಅವರು ಚಾಂಪಿಯನ್. ನನಗೆ ಪಾಠ ಹೇಳಬೇಡ' ಎಂದ. ಸರಿ, ನನ್ನ ಕಡೆಗೇ ಬಂದ ಅಂದುಕೊಂಡೆ. ಆದರೂ ಅವನ ಮತ ಮಾರಬೇಕು ಅಂತಲೇ. 1945ರಲ್ಲಿ ಅವನಿಗೆ 16, ಫೈನಲ್ ರೇಡಿಯೋದಲ್ಲಿ ಕೇಳಿದ್ದನಂತೆ. 'ಆ ಹುಡುಗ ದೊಡ್ಡ ಆಟಗಾರ ಆಗುತ್ತಾನೆ, ನನಗೇನೂ ಅನುಮಾನವಿಲ್ಲ. ಅದನ್ನು ನೋಡುವವನು ನೀನು. ನನಗೆ ಬೇಕಾದ್ದು ಈ ಅಕ್ಟೋಬರ್' ಎಂದ. ನಗುತ್ತಲೇ ಹೇಳಿದ್ದು. ನಿಮ್ಮ ಕಾಗದ ನನ್ನ ಅಂಗಿ ಜೇಬಿನಲ್ಲೇ ಇತ್ತು. ನಾನು ಮತ್ತೆ ವಾದ ಮಾಡಲಿಲ್ಲ, ಮೇಲೆ ಬಂದೆ.

ಇರಲಿ. ಆಟದ ವಿಚಾರ ಬಿಡಿ. ನೀವು ಮಾರಬೇಕಾಗಿಲ್ಲ ಅಂತ ಹೇಳಲು ಇಷ್ಟು ಸುತ್ತಿದೆ. ನಾನಿರುವಾಗ ಯಾಕೆ ಮಾರಬೇಕು? 'ನಿನ್ನ ಡಾಲರ್ ನಿನ್ನ ಸಂಸಾರಕ್ಕಿರಲಿ' ಎಂದು ಬರೆದಿದ್ದೀರಿ. ನೀವು ನನ್ನ ಸಂಸಾರ ಅಲ್ಲದೆ ಮತ್ಯಾರ ಸಂಸಾರ? ನಾಳೆ ನಾಲ್ಕು ಲಕ್ಷ ಕಳಿಸುತ್ತೇನೆ, ಈಗ ಡಾಲರಿಗೆ 67 ರೂಪಾಯಿ ಸಿಗುತ್ತದೆ, ನನಗೆ ಆರು ಸಾವಿರ ಡಾಲರ್, ದೊಡ್ಡ ವಿಷಯವಲ್ಲ. ನಮ್ಮ ಕಂಪನಿಯಲ್ಲಿ ಜನ ತೆಗೆಯುತ್ತಿದ್ದಾರೆ ಅಂತ ಭಾವ ಹೇಳಿದ್ದು ಸುಳ್ಳು. ತೆಗೆದದ್ದು ಹೌದು, ನಮ್ಮ ವಿಭಾಗದಲ್ಲಿ ಅಲ್ಲ. ನಮ್ಮ ವಿಭಾಗದಲ್ಲಿ ಇಬ್ಬರನ್ನು ಮಾತ್ರ. ನನ್ನ ಕೆಲಸ ಗಟ್ಟಿ ಇದೆ, ಏನೇನೂ ಚಿಂತೆ ಬೇಡ.

ಉಳಿದದ್ದು ನಾಳೆ ಬರೆದು ಕಳಿಸುತ್ತೇನೆ.

26-7-2016, ಮಂಗಳವಾರ ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಹುಡುಗನನ್ನು ಕೊಟ್ಟೇಬಿಟ್ಟರು. ಟೋರೆಸ್ ಒಬ್ಬನೇ ಅಲ್ಲ, ಇನ್ನೂ ಮೂವರು ಸೇರಿ ಒಟ್ಟು ನಾಲ್ವರು, ಒಬ್ಬ ಚಾಪ್‌ಮನ್‌ಗೆ. ಆಟಗಾರರನ್ನು ಅದಲುಬದಲು ಮಾಡುವ ಆಗಸ್ಟ್ 1ರ ಗಡುವಿಗೆ ಇನ್ನೂ ಒಂದು ವಾರ ಇತ್ತು. ಅವನ ಕರಾರೂ ಈ ವರ್ಷದ ಆಟ ಮುಗಿಯುವವರೆಗೆ ಮಾತ್ರ, ಆಮೇಲೆ ಯಾರು ಹೆಚ್ಚು ಕೊಡುತ್ತಾರೋ ಅಲ್ಲಿಗೆ. ನಮ್ಮ ಕಡೆ ತೋಟದ ಒಂದು ವರ್ಷದ ಫಸಲನ್ನಷ್ಟೇ ಚೇಣಿಗೆ ಕೊಟ್ಟ ಹಾಗೆ, ವ್ಯತ್ಯಾಸ ಏನೆಂದರೆ ಇವರು ಒಂದು ಫಸಲು ಚೇಣಿ ಹಿಡಿಯಲು ತೋಟವನ್ನೇ ಬರೆದುಕೊಟ್ಟಿದ್ದಾರೆ. ಅಜ್ಜ ರಾತ್ರಿ ಎರಡು ಬಿಯರ್ ಹಿಡಿದು ಮೇಲೆ ಬಂದ. (ನಾನು ಕುಡಿಯಲಿಲ್ಲ, ಆಯಿ.) ನಿಮ್ಮ ಸೊಸೆ ಬಾಗಿಲಲ್ಲೇ ನಿಂತು ಅವನಿಗೆ ಮುಖಕ್ಕೆ ಹೇಳಿದಳು, ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ ಚಪ್ಪಾಳೆ ಇಲ್ಲ ಅಂತ. ಸಂಗಾತಿಯ ಮೇಲೆ ಕೈ ಮಾಡಿದ ಆರೋಪದಲ್ಲಿ ಲೀಗಿನವರು ಚಾಪ್‌ಮನ್‌ನನ್ನು ಈ ವರ್ಷದ ಮೊದಲ 30 ಪಂದ್ಯ ಹೊರಗಿಟ್ಟಿದ್ದರು, ಕೋರ್ಟು ಕೇಸು ಆಗಲಿಲ್ಲ. ಇಲ್ಲಿ ಅನೇಕರಿಗೆ ಅದೇ ಬೇಸರ. ಅಜ್ಜ 'ನೀನು ಹೇಳುವುದು ಸರಿ' ಎಂದು ತಲೆ ತಗ್ಗಿಸಿ, ಬಿಯರನ್ನೂ ವಾಪಸು ತಗೊಂಡು ಹೋದ. ನನಗೆ ಅವಳ ಮಾತೂ ಸರಿ ಅನಿಸಿತು, ಅವನು ಮೆಟ್ಟಿಲು ಇಳಿಯುವ ಸದ್ದೂ ಸಂಕಟ ಆಯಿತು.

ಇಲ್ಲಿಯ ಇನ್ನೊಂದು ತಂಡದ ಕ್ರಿಸ್ ಸೇಲ್ ಎಂಬವನ ಕಥೆ ಪುಟ್ಟನಿಗೆ: ಹಳೇ ಕಾಲದ ಜರ್ಸಿ ಹಾಕಿಕೊಂಡು ಆಡು ಅಂದದ್ದಕ್ಕೆ ಇಡೀ ತಂಡದ ಜರ್ಸಿಗಳಿಗೆ ಕತ್ತರಿ ಹಾಕಿದ! ಐದು ದಿನ ಮನೆಯಲ್ಲಿ ಕೂರಿಸಿದ್ದಾರೆ. ನೀನು ಯೂನಿಫಾರ್ಮ್‌ಗೆ ಹಟ ಮಾಡಿದರೆ ಅಮ್ಮ ಬಡಿಯುತ್ತಾಳೆ, ಇವರಿಗೆ ಕೋಟಿ ಸಂಬಳ.

ಈಗ ಮುಖ್ಯ ಮಾತು. ಅಕ್ಕ ವಾಟ್ಸಾಪ್ ಮಾಡಿದ್ದಳು, ನಿನ್ನೆಯಿಂದ ಬಸ್ ಮುಷ್ಕರವಂತೆ, ಗುರುವಾರ ಹುಬ್ಬಳ್ಳಿಗೆ ಹೋಗುವುದು ಮುಂದೆ ಹಾಕೋಣ ಅಂತ ಅಪ್ಪಯ್ಯ ಅನ್ನುತ್ತಿದ್ದಾರೆ ಅಂತ. ಮುಂದೆ ಹಾಕುವ ಮಾತೇ ಇಲ್ಲ. ಸುಬ್ಬಣ್ಣನ ಓಮ್ನಿಗೆ ಹೇಳಿದ್ದೇನೆ, ಬುಧವಾರ ಸಂಜೆಯೇ ಬರುತ್ತಾನೆ, ರಾತ್ರಿ ಅಕ್ಕನ ಮನೆಯಲ್ಲಿ ಉಳಿಯಿರಿ. ಯಶಸ್ವಿನಿ ಕಾರ್ಡ್ ನವೀಕರಿಸಿದ್ದೀರೋ ಇಲ್ಲವೋ? ಸೊಸೈಟಿಯಲ್ಲಿ ಕೇಳಿ, ಹಳೇ ರಿಪೋರ್ಟಿನ ಜೊತೆ ಅದನ್ನೂ ಚೀಲದಲ್ಲಿಡಿ. ದುಡ್ಡು ನಿನ್ನೆಯೇ ಹಾಕಿದ್ದೇನೆ. ನನ್ನ ದುಡ್ಡು ಬೇಡವೇ ಬೇಡ ಎನ್ನುವುದಾದರೆ ಹಳೇ ತೋಟದ ಈ ವರ್ಷದ ಫಸಲನ್ನು ಚೇಣಿಗೆ ಕೊಡಿ, ಹೇಗೂ ಈ ಸಲ ನೀವು ಅಂಗಳದಲ್ಲಿ ನಿಂತು ಅಡಿಕೆ ಬೇಯಿಸುವುದು, ಒಣಗಿಸುವುದು ಆಗದ ಮಾತು. ಚೇಣಿಯವನು ಮರ ನೋಡುವುದಿಲ್ಲ, ಕಾಯಿ ನೋಡುತ್ತಾನೆ ಅನ್ನುತ್ತೀರಿ. ಒಂದು ವರ್ಷ ಸಹಿಸಿಕೊಳ್ಳಿ. ಗಿರಾಕಿಗೆ ಮಾತ್ರ ಏನೂ ಹೇಳಬೇಡಿ. ಆಗಲ್ಲ ಅಂತಲೂ ಹೇಳುವುದು ಬೇಡ, ಮಗ ಬರಲಿ ಅನ್ನಿ.

ನಾಲ್ಕನೇ ಪುಟದಲ್ಲಿ ಕೇಳಿದ್ದಿರಲ್ಲ, ಕೊಯ್ಲು ಮಾಡಿಸುವವರು ಯಾರು ಅಂತ. ಅದನ್ನು ಬಂದ ಮೇಲೆ ಕೂತು ಮಾತಾಡೋಣ. ಚೌತಿಗೆ ಬರಲು ನೋಡುತ್ತಿದ್ದೇನೆ, ವೀಸಾ ಸ್ಟ್ಯಾಂಪಿಂಗ್‌ನದೊಂದು ಸಣ್ಣ ತೊಡಕಿದೆ, ಸರಿಯಾಗುತ್ತದೆ. ಚೌತಿಗೆ ಆಗದಿದ್ದರೆ ದೀಪಾವಳಿಗೆ ಖಂಡಿತ. ಈಗೆಲ್ಲ ಸ್ಟೆಂಟ್ ಹಾಕುವುದು ಹಲ್ಲು ಕೀಳಿಸಿದಷ್ಟೇ ಸುಲಭವಂತೆ, ಮೂರನೇ ದಿನ ಮನೆಗೆ ಕಳಿಸುತ್ತಾರಂತೆ. ಹೆದರುವಂಥದ್ದು ಏನೂ ಇಲ್ಲ, ನಾವು ಯಾರೂ ಹೆದರಿಲ್ಲ. ನಾನು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ಆಯಿ, ಕವಳದ ಚೀಲ ನೀನೇ ತೆಗೆದಿಡು, ಹೊಗೆಸೊಪ್ಪು ಸಂಪೂರ್ಣ ಬಂದ್. ತೋಟಕ್ಕೆ ಇಳಿಯಲು ಬಿಡಬೇಡ, ಸಸಿ ನೋಡಲೇಬೇಕು ಎಂದು ಹಟ ಹಿಡಿದರೆ ಪುಟ್ಟ ಫೋಟೋ ತೆಗೆದು ತೋರಿಸಲಿ, ನನಗೂ ಕಳಿಸಲಿ. ಮಗಳನ್ನು ಈಜಿಗೆ ಬಿಟ್ಟು ಆಫೀಸಿಗೆ ಓಡಬೇಕು, ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಳೆ ನಿಮ್ಮ ಸೊಸೆ. ಆಂಜಿಯೋಗ್ರಾಮ್ ಮುಗಿದ ಕೂಡಲೇ, ನಮಗೆ ನಡುರಾತ್ರಿಯಾದರೂ ಸರಿ, ಫೋನ್ ಮಾಡಿ. ಮಳೆ ಜೋರಿದ್ದರೂ.

ನಿಮ್ಮ ಮಗ