ಪ್ರೀಆಂಪ್ ಬೋರ್ಡ್‌ಗಳ ಕೂಡು ಖರೀದಿ: ಮೊದಲು ಮಾದರಿ, ಆಮೇಲೆ ಪಟ್ಟಿ

ಮಾನ್ಯ ಸಂಪಾದಕರೇ,

ಧಾರವಾಡ, ಹುಬ್ಬಳ್ಳಿಗಳ ಎಷ್ಟೋ ಮನೆಗಳಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಎಲ್‌ಪಿ ರೆಕಾರ್ಡ್‌ಗಳು ಇಂದಿಗೂ ಕಪಾಟಿನಲ್ಲಿ ಜೋಪಾನವಾಗಿವೆ. ಕೆಲವರ ಬಳಿ ರೆಕಾರ್ಡ್ ಪ್ಲೇಯರ್ ಕೂಡ ಸುಸ್ಥಿತಿಯಲ್ಲಿದೆ. ಆದರೆ ಅದನ್ನು ಇಂದಿನ ಆಂಪ್ಲಿಫೈಯರಿಗೆ ನೇರವಾಗಿ ಜೋಡಿಸಿದವರಿಗೆ ಕೇಳಿಸುವುದು ತಂಬೂರಿಯ ಖರ್ಜವೇ ಇಲ್ಲದ ಕ್ಷೀಣವಾದ, ಕೀರಲು ದನಿ ಮಾತ್ರ. ರೆಕಾರ್ಡ್ ಕೆಟ್ಟಿದೆ ಎಂದುಕೊಂಡು ಅದನ್ನು ಗುಜರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಹಿಂದಿನ ಆಂಪ್ಲಿಫೈಯರ್‌ಗಳ ಒಳಗೇ ಇರುತ್ತಿದ್ದ ಫೋನೊ ಪ್ರೀಆಂಪ್ ಎಂಬ ಚಿಕ್ಕ ಭಾಗ ಇಂದಿನ ಬಹುಪಾಲು ಆಂಪ್ಲಿಫೈಯರ್‌ಗಳಲ್ಲಿ ಇಲ್ಲ, ಅಷ್ಟೆ.

ರೆಕಾರ್ಡಿನ ಮೇಲೆ ಓಡುವ ಮುಳ್ಳನ್ನು ಹಿಡಿದಿರುವ ಸಾಮಾನ್ಯ ಮ್ಯಾಗ್ನೆಟ್ ಪಿಕಪ್ಪಿನಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು. ಅದನ್ನು ಸುಮಾರು 100 ಪಟ್ಟು ಹಿಗ್ಗಿಸಬೇಕು. ಅಷ್ಟೇ ಅಲ್ಲ, ರೆಕಾರ್ಡ್ ಕೊರೆಯುವಾಗ ಗೆರೆಗಳು ಒಂದರ ಮೇಲೊಂದು ಹಾಯದಿರಲೆಂದು ಕೆಳಗಿನ ಸ್ವರಗಳನ್ನು ತಗ್ಗಿಸಿ, ಸರಸರ ಸದ್ದನ್ನು ಮರೆಮಾಡಲೆಂದು ಮೇಲಿನ ಸ್ವರಗಳನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ತಿರುಗುಮುರುಗಾಗಿ ಸರಿಪಡಿಸಬೇಕು. 1950ರ ದಶಕದಲ್ಲಿ ನೆಲೆಗೊಂಡ ಆರ್‌ಐಎಎ (ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ) ಮಾನಕದ ಪ್ರಕಾರ 20 ಹರ್ಟ್ಸ್‌ನ ದನಿಯನ್ನು 1,000 ಹರ್ಟ್ಸ್‌ನದಕ್ಕಿಂತ ಸುಮಾರು 9 ಪಟ್ಟು ಹಿಗ್ಗಿಸಬೇಕು, 20,000 ಹರ್ಟ್ಸ್‌ನದನ್ನು ಹೆಚ್ಚುಕಡಿಮೆ ಅಷ್ಟೇ ಪಟ್ಟು ಕುಗ್ಗಿಸಬೇಕು. ಈ ಕೆಲಸವನ್ನು ಎನ್‌ಇ5532ನಂತಹ ಎಂಟು ಕಾಲಿನ ಒಂದೇ ಐಸಿ (ಚಿಪ್), ಎಡ ಬಲ ಎರಡಕ್ಕೂ ಸೇರಿ, ಅಚ್ಚುಕಟ್ಟಾಗಿ ಮಾಡಬಲ್ಲದು. ಸೋಲ್ಡರ್ ಕಡ್ಡಿ ಹಿಡಿಯಲು ಬಲ್ಲ ಯಾರೇ ಆದರೂ ಎರಡು ಭಾನುವಾರಗಳಲ್ಲಿ ಇದನ್ನು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು.

ತೊಡಕು ಬರುವುದು ಈ ಬಿಡಿಭಾಗಗಳನ್ನು ಬೆಸೆಯುವ ಬೋರ್ಡಿನ ವಿಷಯದಲ್ಲಿ. ತೂತುಗಳ ಸಾದಾ ಬೋರ್ಡಿನ ಮೇಲೆ ತಂತಿ ಎಳೆದು ಕಟ್ಟಿದರೂ ಪ್ರೀಆಂಪ್ ಕೆಲಸ ಮಾಡುತ್ತದೆ. ಆದರೆ ಇಷ್ಟು ಸಣ್ಣ ಸಂಕೇತವನ್ನು ಹಿಗ್ಗಿಸುವಾಗ ಭೂಸಂಪರ್ಕದ ಗೆರೆ ತುಸು ತಪ್ಪು ದಾರಿ ಹಿಡಿದರೂ ಮನೆಯ ವಿದ್ಯುತ್ತಿನ 50 ಹರ್ಟ್ಸ್‌ನ ಗುಂಯ್ ಎಂಬ ಸದ್ದು ಸಂಗೀತದ ಜೊತೆಗೇ ಹಿಗ್ಗುತ್ತದೆ. ಆದ್ದರಿಂದ ವಿನ್ಯಾಸ ಮಾಡಿ ಮುದ್ರಿಸಿದ ಬೋರ್ಡ್ ಬೇಕೇ ಬೇಕು. ಒಂದನ್ನೇ ಮಾಡಿಸಹೊರಟರೆ ಅದು ಉಳಿದೆಲ್ಲ ಬಿಡಿಭಾಗಗಳಿಗಿಂತ ದುಬಾರಿಯಾಗುತ್ತದೆ. ಅದಕ್ಕೆ ಕಾರ್ಖಾನೆಯವರನ್ನು ದೂರಬೇಕಾಗಿಲ್ಲ. ಬೋರ್ಡಿನ ನಕ್ಷೆಯಿರುವ ಗರ್ಬರ್ ಫೈಲ್‌ಗಳನ್ನು ಪರಿಶೀಲಿಸುವುದು, ಪದರ ಪದರಕ್ಕೂ ಫಿಲ್ಮ್ ತೆಗೆಯುವುದು, ಡ್ರಿಲ್ ಯಂತ್ರ ಹೊಂದಿಸುವುದು, ಇಡೀ ಪ್ಯಾನೆಲ್ಲನ್ನು ತಾಮ್ರ ಲೇಪಿಸುವ ತೊಟ್ಟಿಯಲ್ಲಿ ಇಳಿಸುವುದು, ಇವೆಲ್ಲ ಐದು ಬೋರ್ಡಿಗೂ ಅರವತ್ತು ಬೋರ್ಡಿಗೂ ಹೆಚ್ಚುಕಡಿಮೆ ಒಂದೇ ಶ್ರಮ. ನಮ್ಮ ಕಳೆದ ಸಲದ ಲೆಕ್ಕವನ್ನೇ ಹೇಳುವುದಾದರೆ, ಮಾದರಿಯ 5 ಬೋರ್ಡ್‌ಗಳಿಗೆ 3,200 ರೂಪಾಯಿ, ಅಂದರೆ ತಲಾ 640 ರೂಪಾಯಿ ಬಿತ್ತು. ಅದೇ ಬೋರ್ಡನ್ನು 60 ಮಾಡಿಸಿದಾಗ 9,600 ರೂಪಾಯಿ, ಅಂದರೆ ತಲಾ 160 ರೂಪಾಯಿ. ಜಿಎಸ್‌ಟಿ ಮತ್ತು ಅಂಚೆಯ ವೆಚ್ಚ ಬೇರೆ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇರುವಂತೆ, ಹವ್ಯಾಸಿಗಳಲ್ಲಿ ಇಂತಹ ಕೂಡು ಖರೀದಿ ಬೆಳೆಯಬೇಕು ಎಂಬುದು ನನ್ನ ಬಹುದಿನದ ಆಸೆ. ಆ ಆಸೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಏಕೆಂದರೆ ಇತ್ತೀಚೆಗೆ ಕೆಲವು ಕಾಲೇಜು ಹುಡುಗರು ತಮ್ಮದೇ ಬೋರ್ಡಿಗಾಗಿ ಹಣದ ಪಟ್ಟಿ ಹಾಕಲು ಹೊರಟು ನನ್ನ ಸಲಹೆ ಕೇಳಿದರು. ವಿನ್ಯಾಸ ಇನ್ನೂ ಕಂಪ್ಯೂಟರಿನಲ್ಲಿಯೇ ಇತ್ತು. ಹಣ ಮಾತ್ರ ಆಗಲೇ 34 ಜನರಿಂದ ಸೇರಿತ್ತು. ನಾನು ಅವರಿಗೆ ಹೇಳಿದ್ದು ಒಂದೇ ಮಾತು: ಮಾದರಿ ಬೋರ್ಡನ್ನು ಕಟ್ಟಿ, ಅಳೆದು, ಕೇಳಿ ಒಪ್ಪುವವರೆಗೆ ಯಾರಿಂದಲೂ ಒಂದು ರೂಪಾಯಿ ಮುಟ್ಟಬೇಡಿ, ಮುಟ್ಟಿದ್ದನ್ನು ಹಿಂದಿರುಗಿಸಿ.

ಈ ಮಾತು ನನಗೆ ಅನುಭವದಿಂದ ಬಂದದ್ದು. ನಾವು ಎಂಟು ಮಂದಿ ಸೇರಿ ಮೊದಲ ಸಲ ಬೋರ್ಡ್ ಮಾಡಿಸಿದಾಗ ಮಾದರಿಯ ಖರ್ಚು ಉಳಿಸಲೆಂದು ನೇರವಾಗಿ 60 ಬೋರ್ಡ್‌ಗಳಿಗೆ ಹೇಳಿದೆವು. ಧನ 15 ವೋಲ್ಟ್ ಕೊಡುವ 7815 ಮತ್ತು ಋಣ 15 ವೋಲ್ಟ್ ಕೊಡುವ 7915 ರೆಗ್ಯುಲೇಟರ್‌ಗಳು (ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗಗಳು) ನೋಡಲು ಅವಳಿಗಳಂತಿದ್ದರೂ ಅವುಗಳ ಕಾಲುಗಳ ಕ್ರಮ ಬೇರೆ: ಮೊದಲನೆಯದರಲ್ಲಿ ಒಳಬರುವ ಕಾಲು ಎಡಗಡೆ, ಭೂಸಂಪರ್ಕ ನಡುವೆ, ಎರಡನೆಯದರಲ್ಲಿ ಭೂಸಂಪರ್ಕ ಎಡಗಡೆ, ಒಳಬರುವುದು ನಡುವೆ. ವಿನ್ಯಾಸದಲ್ಲಿ ಎರಡಕ್ಕೂ ಒಂದೇ ಕ್ರಮ ಹಾಕಿಬಿಟ್ಟಿದ್ದೆ. ತಪ್ಪು ಸಂಪೂರ್ಣವಾಗಿ ನನ್ನದು. ಅರವತ್ತೂ ಬೋರ್ಡ್‌ಗಳಲ್ಲಿ ಬ್ಲೇಡಿನಿಂದ ತಾಮ್ರದ ಗೆರೆ ಕಡಿದು, ತಂತಿ ಬೆಸೆದು ಸರಿಪಡಿಸಲು ಮೂರು ವಾರ ಹಿಡಿಯಿತು. ನಂಬಿ ಹಣ ಕೊಟ್ಟವರ ಕೈಗೆ ತೇಪೆ ಹಾಕಿದ ಬೋರ್ಡ್ ಇಟ್ಟಾಗ ಆದ ಸಂಕಟ ನನಗೆ ಇನ್ನೂ ನೆನಪಿದೆ. ಮಾದರಿಯೊಂದನ್ನು ಕಟ್ಟಿದ್ದರೆ, ವಿದ್ಯುತ್ ಕೊಟ್ಟ ಮೊದಲ ಕ್ಷಣದಲ್ಲಿಯೇ ಇದು ಬಯಲಾಗುತ್ತಿತ್ತು.

ಇನ್ನೊಂದು ಕಡೆ, ನಾನೇ ಹಣ ಕೊಟ್ಟು 14 ತಿಂಗಳು ಕಾದದ್ದೂ ಉಂಟು. ಅಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ಹಣ ಸೇರಿದ ಮೇಲೆ ವಿನ್ಯಾಸವನ್ನು ಮತ್ತೆ ಮತ್ತೆ ಬದಲಿಸುತ್ತ ಹೋದರು, ಕೆಲವರು ಹಿಂದೆ ಸರಿದರು, ಸಂಖ್ಯೆ ಇಳಿದು ದರ ಏರಿತು, ಕೊನೆಗೆ ಲೆಕ್ಕ ಯಾರಿಗೂ ತಿಳಿಯದಂತಾಯಿತು. ಇಂತಹ ಕಡೆ ಕಳೆದುಹೋಗುವುದು ಕೆಲವು ನೂರು ರೂಪಾಯಿ ಮಾತ್ರವಲ್ಲ. ಮುಂದಿನ ಸಲ ಯಾರು ಪಟ್ಟಿ ಹಾಕಿದರೂ ಜನ ಕೈ ಹಿಂದೆಗೆದುಕೊಳ್ಳುತ್ತಾರೆ.

ಹಾಗಾಗಿ ಮುಂದಾಳತ್ವ ವಹಿಸುವವರು, ವಿನ್ಯಾಸ ತಮ್ಮದಲ್ಲದಿದ್ದರೆ ಅದರ ಒಡೆಯರ ಒಪ್ಪಿಗೆಯನ್ನು ಮೊದಲು ಲಿಖಿತವಾಗಿ ಪಡೆಯಬೇಕು. ಸ್ವಂತ ಬಳಕೆಗೆ ಒಂದನ್ನು ಮಾಡಿಕೊಳ್ಳಲು ಅನುಮತಿಯಿರುವ ಎಷ್ಟೋ ವಿನ್ಯಾಸಗಳನ್ನು ಹಲವು ಪ್ರತಿ ಮಾಡಿಸಿ ಹಂಚಲು ಅನುಮತಿಯಿರುವುದಿಲ್ಲ. ಮಾದರಿಯನ್ನು ವಿನ್ಯಾಸ ಮಾಡಿದವರಲ್ಲದೆ ಇನ್ನೊಬ್ಬರು ಕಟ್ಟಿ ನೋಡಬೇಕು, ಏಕೆಂದರೆ ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಡಿಮೆ. ಮಾದರಿ ಒಪ್ಪಿಗೆಯಾದ ಮೇಲೆ ಬೋರ್ಡಿನ ದರ, ತೆರಿಗೆ, ಅಂಚೆ, ಮಾದರಿಗೆ ತಗುಲಿದ ವೆಚ್ಚ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ಕಾರ್ಖಾನೆಯ ಬಿಲ್ಲಿನ ಪ್ರತಿಯೊಂದಿಗೆ ಹಣ ಕೊಟ್ಟ ಪ್ರತಿಯೊಬ್ಬರಿಗೂ ಕಳಿಸಬೇಕು. ತಮ್ಮ ಶ್ರಮಕ್ಕೆ ಏನಾದರೂ ಪಡೆಯುವುದಿದ್ದರೆ ಅದರಲ್ಲಿ ನಾಚಿಕೆಪಡಬೇಕಾದದ್ದಿಲ್ಲ, ಆದರೆ ಅದೂ ಆ ಹಾಳೆಯಲ್ಲಿರಬೇಕು.

ಕೂಡಿ ಕೊಳ್ಳುವುದರ ಲಾಭ ಬೋರ್ಡಿಗೇ ಮುಗಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಲಾಭ ಕೆಪಾಸಿಟರ್‌ಗಳಲ್ಲಿದೆ. ಆರ್‌ಐಎಎ ಸರಿಪಡಿಕೆ ನಿಖರವಾಗಬೇಕಾದರೆ ಅದರ ಕೆಪಾಸಿಟರ್‌ಗಳ ಅಳತೆಯೂ (ಕೆಪಾಸಿಟೆನ್ಸ್) ನಿಖರವಾಗಿರಬೇಕು, ಎಡದ್ದಕ್ಕೂ ಬಲದ್ದಕ್ಕೂ ಹೊಂದಿಕೆಯಿರಬೇಕು; ಇಲ್ಲವಾದರೆ ಎರಡು ಸ್ಪೀಕರ್‌ಗಳ ದನಿಯ ಬಣ್ಣವೇ ಬೇರೆಯಾಗುತ್ತದೆ. ನಮೂದಿಸಿದ ಅಳತೆಯಿಂದ ಶೇ 1ಕ್ಕಿಂತ ಹೆಚ್ಚು ಸರಿಯದ, ಅಂದರೆ ಶೇ 1ರ ರೆಸಿಸ್ಟರ್‌ಗಳು ಅಗ್ಗವಾಗಿ ಸಿಗುತ್ತವೆ, ಶೇ 1ರ ಕೆಪಾಸಿಟರ್‌ಗಳು ಹಾಗಲ್ಲ. ಒಬ್ಬನೇ ನಾಲ್ಕು ಕೊಂಡರೆ ಸಿಕ್ಕಿದ್ದನ್ನೇ ಹಾಕಬೇಕು. ಅರವತ್ತು ಜನರಿಗಾಗಿ ಶೇ 5ರ ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳನ್ನು ನೂರುಗಟ್ಟಲೆ ತರಿಸಿ, ಕೆಪಾಸಿಟರ್‌ನಂತಹ ಬಿಡಿಭಾಗಗಳನ್ನು ಅಳೆಯುವ ಎಲ್‌ಸಿಆರ್ ಮೀಟರಿನಲ್ಲಿ ಒಂದೊಂದನ್ನೂ ಅಳೆದು ಜೋಡಿ ಹಾಕಿದರೆ, ಎಲ್ಲರಿಗೂ ಒಂದಕ್ಕೊಂದು ಶೇ 1ರೊಳಗೆ ಹೊಂದುವ ಜೋಡಿಗಳು ದೊರೆಯುತ್ತವೆ. ಕಳೆದ ಸಲ ನಾವು ಒಂದು ಮಧ್ಯಾಹ್ನವಿಡೀ ಕುಳಿತು ಈ ಕೆಲಸ ಮಾಡಿದೆವು. ಐಸಿಗಳನ್ನೂ ಹೀಗೆಯೇ ಅಧಿಕೃತ ವಿತರಕರಿಂದ ಒಟ್ಟಾಗಿ ತರಿಸುವುದು ಒಳ್ಳೆಯದು. ಹಳೆಯ ಅಕ್ಷರ ಕೆರೆದು ಬೇರೆ ಸಂಖ್ಯೆ ಮುದ್ರಿಸಿದ ಐಸಿಗಳು ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. ಟ್ರಾನ್ಸ್‌ಫಾರ್ಮರ್, ಪೆಟ್ಟಿಗೆಗಳಿಗೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಒಬ್ಬರು ಹೋಗಿ ಬಂದರೆ ಎಲ್ಲರ ಬಸ್ಸಿನ ಖರ್ಚು ಉಳಿಯುತ್ತದೆ.

ಇಲ್ಲಿ ತಾಂತ್ರಿಕ ಶಿಕ್ಷಣ ಇಲಾಖೆಯಲ್ಲಿ ನನ್ನದೊಂದು ಅರಿಕೆಯಿದೆ. ಎಲ್‌ಸಿಆರ್ ಮೀಟರ್, ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್ ಇಲ್ಲದೆ ಮಾದರಿಯನ್ನು ಸರಿಯಾಗಿ ಅಳೆಯಲಾಗದು; ಇವು ಹವ್ಯಾಸಿಗಳ ಮನೆಯಲ್ಲಿರುವುದಿಲ್ಲ, ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯಗಳಲ್ಲಿರುತ್ತವೆ ಮತ್ತು ರಜಾದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಮೂವತ್ತು ವರ್ಷ ಅಂತಹ ಪ್ರಯೋಗಾಲಯದ ಬೀಗದ ಕೈ ಇಟ್ಟುಕೊಂಡಿದ್ದವನಾಗಿ ಈ ಮಾತು ಹೇಳುತ್ತಿದ್ದೇನೆ. ತಿಂಗಳಿಗೆ ಒಂದು ಶನಿವಾರ, ಒಬ್ಬ ಉಪನ್ಯಾಸಕರ ಮೇಲ್ವಿಚಾರಣೆಯಲ್ಲಿ, ಅವನ್ನು ಊರಿನ ಹವ್ಯಾಸಿಗಳಿಗೆ ತೆರೆದರೆ ವಿದ್ಯಾರ್ಥಿಗಳಿಗೂ ಪಠ್ಯದಲ್ಲಿಲ್ಲದ ನಿಜವಾದ ಕೆಲಸ ಕಣ್ಣಿಗೆ ಬೀಳುತ್ತದೆ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಇಂಜಿನಿಯರ್ ಅಲ್ಲ. ಅಂತಹ ನಾಡಿನಲ್ಲಿ ಆಸಕ್ತ ಅಂಗಡಿಕಾರನಿಗೋ ಶಿಕ್ಷಕಿಗೋ ಪ್ರಯೋಗಾಲಯದ ಬಾಗಿಲು ತೆರೆಯುವುದು ದೊಡ್ಡ ಕೋರಿಕೆಯಲ್ಲವೆಂದು ಭಾವಿಸುತ್ತೇನೆ.

ಆ ಹುಡುಗರು 34 ಜನರ ಹಣವನ್ನೂ ಹಿಂದಿರುಗಿಸಿದ್ದಾರೆ. ತಮ್ಮದೇ ಖರ್ಚಿನಲ್ಲಿ 5 ಮಾದರಿ ಬೋರ್ಡ್‌ಗಳನ್ನು ಮಾಡಿಸಿ, ಒಂದನ್ನು ಕಟ್ಟಲು ನನಗೆ ಕೊಟ್ಟಿದ್ದಾರೆ. 7915ರ ಕಾಲುಗಳನ್ನು ನಾನು ಎಲ್ಲಕ್ಕಿಂತ ಮೊದಲು ನೋಡಿದೆ, ಸರಿಯಾಗಿವೆ. ಅಳತೆ ಇನ್ನೂ ಆಗಬೇಕಿದೆ, ಅದಕ್ಕೊಂದು ಪ್ರಯೋಗಾಲಯ ಹುಡುಕುತ್ತಿದ್ದೇವೆ.

ಇತಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ಧಾರವಾಡ