ಅಭ್ಯಾಸ ಆಗುವುದು ಒದೆಯಲ್ಲ, ಹೆದರಿಕೆ

ಸಂಪಾದಕರೇ,

ಬೇಟೆ ರೈಫಲ್ ಆರಿಸುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಮೊದಲ ರೈಫಲ್ ಆದರೂ ದೊಡ್ಡ ಕ್ಯಾಲಿಬರನ್ನೇ (ದಪ್ಪ ಗುಂಡಿನದನ್ನೇ) ತಗೊಳ್ಳಿ, ಒದೆ, ಅಂದರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಭುಜಕ್ಕೆ ಗುದ್ದುವುದು, ಬರ್ತಾ ಬರ್ತಾ ಅಭ್ಯಾಸ ಆಗುತ್ತದೆ ಅಂತ ಅದರಲ್ಲಿತ್ತು. ಇಲ್ಲ ಸ್ವಾಮಿ, ಅಭ್ಯಾಸ ಆಗುವುದು ಹೆದರಿಕೆ.

ನಾನು ಮೊದಲು ಹಿಡಿದದ್ದೇ .300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ ಭಾರೀ ತೋಟಾದ ರೈಫಲ್. ಎರಡನೇ ಗುಂಡಿಗೇ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಅಂಚು ಬಡಿದು ಹುಬ್ಬು ಸೀಳಿತು. ತಪ್ಪು ನನ್ನದೇ, ಕಣ್ಣು ತೀರಾ ಹತ್ತಿರ ಇಟ್ಟಿದ್ದೆ. ಗಾಯವೇನೋ ಬೇಗ ಮಾಯಿತು, ಆದರೆ ಆಮೇಲೆ ಟ್ರಿಗರ್ ಮೇಲೆ ಬೆರಳಿಟ್ಟರೆ ಸಾಕು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಭುಜ ಮುಂದಕ್ಕೆ ನೂಕುತ್ತಿತ್ತು, ಗುಂಡು ಎಲ್ಲೆಲ್ಲೋ ಹೋಗುತ್ತಿತ್ತು, ನಾನು ಮಾತ್ರ ಸ್ಕೋಪನ್ನು ಬೈಯುತ್ತಾ ಕೂತಿದ್ದೆ. ಕೊನೆಗೆ ಗೆಳೆಯನೊಬ್ಬ ರೇಂಜಿನಲ್ಲಿ ನನಗೆ ಹೇಳದೆ ನಡುನಡುವೆ ಸಿಡಿಯದ ಡಮ್ಮಿ ತೋಟಾ ತುಂಬಿ ಕೊಟ್ಟ. 'ಟಿಕ್' ಅಂದಿತು ಅಷ್ಟೇ. ಆದರೂ ನಳಿಗೆ ಕೆಳಕ್ಕೆ ಕುಸಿಯಿತು. ಇಬ್ಬರೂ ನೋಡಿದೆವು, ಮಾನ ಹೋಯಿತು!

ಲೆಕ್ಕಕ್ಕೆ ಬರೋಣ. ಒದೆಯ ಶಕ್ತಿಯನ್ನು ಅಡಿ-ಪೌಂಡಿನಲ್ಲಿ ಅಳೆಯುತ್ತಾರೆ; ಕೆಳಗಿನ ಹೆಸರುಗಳೆಲ್ಲ ತೋಟಾಗಳವು. ಸುಮಾರು 8 ಪೌಂಡ್ ತೂಕದ ರೈಫಲಿನಲ್ಲಿ .243 ವಿಂಚೆಸ್ಟರ್ ಹೆಚ್ಚುಕಡಿಮೆ 9 ಅಡಿ-ಪೌಂಡ್ ಒದೆಯುತ್ತದೆ. 6.5 ಕ್ರೀಡ್‌ಮೂರ್ 12ರ ಆಸುಪಾಸು, .308 ಆದರೆ 16ರಿಂದ 18, .30-06 ಅಂದರೆ 20. ನನ್ನ ಆ ಮ್ಯಾಗ್ನಮ್ 25 ದಾಟುತ್ತದೆ. ಹೊಸಬರ ಭುಜಕ್ಕೆ 15ರ ಒಳಗೇ ಇರಲಿ ಅನ್ನುವುದು ನನ್ನ ಮಾತು. ಜಿಂಕೆ ಗಾತ್ರದ ಪ್ರಾಣಿಗೆ ಅಷ್ಟು ಸಾಕು. ಅದಕ್ಕಿಂತ ದೊಡ್ಡದಕ್ಕೆ .243 ಬೇಡ, ಅಲ್ಲಿ 7ಎಂಎಂ-08 ಇಲ್ಲವೇ ಹಳೇ 6.5x55 ನೋಡಿ. ಸ್ಕ್ಯಾಂಡಿನೇವಿಯಾದವರು ಈ 6.5ರಲ್ಲೇ ಮೂಸ್ ಅನ್ನುವ ಭಾರೀ ಜಿಂಕೆ ಹೊಡೆಯುತ್ತಾ ಬಂದಿದ್ದಾರೆ. ಆಫ್ರಿಕಾದ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ ಅಂತೂ ನೂರಾರು ಆನೆ ಕೊಂದದ್ದು .275 ರಿಗ್ಬಿಯಲ್ಲಿ, ಅಂದರೆ ನಮ್ಮ 7x57ರಲ್ಲಿ, ಆನೆಗೆ ಸಣ್ಣದೇ ಅನ್ನಬಹುದಾದ ಗುಂಡಿನಲ್ಲಿ. ಅದು ಮೆಚ್ಚುವ ಕೆಲಸ ಅಂತ ಹೇಳುತ್ತಿಲ್ಲ, ಯಾರೂ ಹಾಗೆ ಮಾಡಲೂ ಬೇಡಿ. ಆದರೆ ಗುಂಡಿನ ಗಾತ್ರಕ್ಕಿಂತ ಅದು ಬಿದ್ದ ಜಾಗ ಮುಖ್ಯ ಅಲ್ವಾ?

ಇನ್ನೊಂದು. ಹೊತ್ತು ನಡೆಯಲು ಸುಲಭ ಅಂತ ತೀರಾ ಹಗುರ ರೈಫಲಿಗೆ ಮರುಳಾಗಬೇಡಿ. ಅದೇ ತೋಟಾ 6 ಪೌಂಡ್ ರೈಫಲಿನಲ್ಲಿ ಮೂರನೇ ಒಂದು ಭಾಗ ಜಾಸ್ತಿ ಒದೆಯುತ್ತದೆ. ಬಟ್ಟಿನ (ಭುಜಕ್ಕೆ ಒತ್ತುವ ಹಿಂಭಾಗದ) ಉದ್ದ ನಿಮ್ಮ ತೋಳಿಗೆ ಹೊಂದಬೇಕು, ಹಿಂದೆ ಒಳ್ಳೆಯ ರಬ್ಬರ್ ಪ್ಯಾಡ್ ಇರಬೇಕು. ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆಯನ್ನು ತಗ್ಗಿಸುವುದು ನಿಜ, ಆದರೆ ಸದ್ದು ಕಿವಿ ಹರಿಯುತ್ತದೆ. ಹೆದರಿಕೆಗೆ ಅರ್ಧ ಕಾರಣ ಆ ಸದ್ದೇ. ಹಾಗಾಗಿ ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಹೊಡೆಯಬೇಡಿ.

ಮುಂದಿನ ಸಲ ಇಂಥ ಬರಹ ಹಾಕುವಾಗ ಗುಂಡಿನ ವೇಗದ ಪಟ್ಟಿಯ ಪಕ್ಕದಲ್ಲೇ ಒದೆಯ ಅಂಕಿಯನ್ನೂ ರೈಫಲಿನ ತೂಕವನ್ನೂ ಅಚ್ಚು ಹಾಕಿ.

ಇಂತಿ,
ಹುಬ್ಬಿನ ಮೇಲೆ ಗೆರೆ ಉಳಿದಿರುವ ಓದುಗ